ಉಸಿರು ಒತ್ತಿದ ಕೈಗಳು: ವೆಂಟಿಲೇಟರ್ ಹಿಂದಿನ ಕಥೆ

ಈ ವಾರ ಒಂದು ಮಷಿನ್‌ನ ಇತಿಹಾಸ ಹೇಳ್ತೀನಿ. 2020ಕ್ಕೆ ಮೊದಲು ನಮ್ಮಲ್ಲಿ ಬಹಳಷ್ಟು ಜನ ಮನೆ ಮಾತಿನಲ್ಲಿ ಅದರ ಹೆಸರನ್ನೇ ಎತ್ತಿರಲಿಲ್ಲ. ಕೋವಿಡ್ ಬಂದ ಮೇಲೆ ಅಜ್ಜಿಯಿಂದ ಹಿಡಿದು ಆಟೋ ಓಡಿಸೋರ ತನಕ ಎಲ್ಲರ ಬಾಯಲ್ಲೂ ಅದೇ ಪದ: ವೆಂಟಿಲೇಟರ್.

ಆ ಪದದ ಜೊತೆ ಎರಡು ಮಾತುಗಳೂ ಊರೆಲ್ಲ ಓಡಾಡಿದವು. ಒಂದು, "ವೆಂಟಿಲೇಟರ್ ಸಿಕ್ಕಿಬಿಟ್ರೆ ಬದುಕ್ತಾರೆ." ಇನ್ನೊಂದು, "ವೆಂಟಿಲೇಟರ್‌ಗೆ ಹಾಕಿದ್ರು ಅಂದ್ರೆ ಮುಗೀತು." ಒಂದೇ ಮನೆಯಲ್ಲಿ, ಒಂದೇ ದಿನ ಎರಡೂ ಮಾತು ಕೇಳಿಬರ್ತಿದ್ದವು. ಎರಡೂ ಪೂರ್ತಿ ಸರಿಯಲ್ಲ. ಎರಡರಲ್ಲೂ ಮಷಿನ್ ಇದೆ, ಅದರ ಪಕ್ಕ ನಿಂತಿರೋ ಮನುಷ್ಯ ಇಲ್ಲ.

ನಾನು ಓದಿದ್ದು ಬಿ.ಕಾಂ. ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ: ಮಷಿನ್ ಕೊಂಡರೆ ಅದು ಆಸ್ತಿ ಕಡೆ ಬರುತ್ತೆ, ಅದನ್ನ ನಡೆಸೋರ ಸಂಬಳ ಖರ್ಚಿನ ಕಡೆ ಹೋಗುತ್ತೆ. ಇವತ್ತಿನ ಕಥೆ ಕೇಳುವಾಗ ಆ ಎರಡು ಕಾಲಂಗಳನ್ನು ತಲೆಯಲ್ಲಿಟ್ಟುಕೊಳ್ಳಿ.

ಕತ್ತಿನವರೆಗೆ ಕಬ್ಬಿಣದ ಪೆಟ್ಟಿಗೆ

ಮೊದಲು, ನಾವು ಉಸಿರಾಡೋದು ಹೇಗೆ? ಎಳನೀರಿಗೆ ಸ್ಟ್ರಾ ಹಾಕಿ ಕುಡಿಯೋದನ್ನ ನೆನಪಿಸಿಕೊಳ್ಳಿ. ನೀವು ಎಳೀತೀರಿ, ನೀರು ಮೇಲೆ ಬರುತ್ತೆ. ಉಸಿರೂ ಹಾಗೇ. ಎದೆಗೂಡಿನ ಕೆಳಗಿರೋ ವಪೆ ಅನ್ನೋ ಸ್ನಾಯು ಕೆಳಗಿಳಿಯುತ್ತೆ, ಎದೆ ಹಿಗ್ಗುತ್ತೆ, ಒಳಗೆ ಒತ್ತಡ ಕಡಿಮೆ ಆಗುತ್ತೆ, ಹೊರಗಿನ ಗಾಳಿ ತಾನಾಗೇ ಒಳಗೆ ಬರುತ್ತೆ. ಗಾಳಿಯನ್ನ ಯಾರೂ ಒಳಗೆ ತಳ್ಳಲ್ಲ, ನಮ್ಮ ದೇಹವೇ ಎಳ್ಕೊಳ್ಳುತ್ತೆ.

ಆ ಸ್ನಾಯುಗಳು ಕೆಲಸ ನಿಲ್ಲಿಸಿದರೆ? ಪೋಲಿಯೊದಲ್ಲಿ ಆಗ್ತಿದ್ದದ್ದು ಅದೇ. ನಮ್ಮ ತಲೆಮಾರಿಗೆ ಪೋಲಿಯೊ ಅಂದ್ರೆ ಭಾನುವಾರದ ಬೂತು, ಎರಡು ಹನಿ, ಬೆರಳಿಗೊಂದು ಶಾಯಿ ಗುರುತು. 2014ರಲ್ಲಿ ಭಾರತ ಪೋಲಿಯೊಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಲಸಿಕೆ ಇಲ್ಲದ ಕಾಲದಲ್ಲಿ ಇದೇ ವೈರಸ್ ನರಗಳಿಗೆ ಹೊಕ್ಕು ಕಾಲಿನ ಶಕ್ತಿ ತೆಗೀತಿತ್ತು. ಕೆಲವರಲ್ಲಿ ಇನ್ನೂ ಮೇಲೇರಿ ಉಸಿರಾಟದ ಸ್ನಾಯುಗಳನ್ನೂ, ನುಂಗುವ ಶಕ್ತಿಯನ್ನೂ ಕಿತ್ತುಕೊಳ್ತಿತ್ತು.

ಅದಕ್ಕೆ ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಅಗಾಸಿ ಶಾ ಒಂದು ದಾರಿ ಹುಡುಕಿದರು. 1928ರಲ್ಲಿ ಬೋಸ್ಟನ್‌ನಲ್ಲಿ ಅದನ್ನ ಮೊದಲ ಸಲ ರೋಗಿಯ ಮೇಲೆ ಬಳಸಿದರು. ಒಂದು ದೊಡ್ಡ ಲೋಹದ ಪೆಟ್ಟಿಗೆ. ಕತ್ತಿನವರೆಗೆ ರೋಗಿ ಒಳಗೆ, ತಲೆ ಮಾತ್ರ ಹೊರಗೆ. ಪಂಪ್ ಪೆಟ್ಟಿಗೆಯೊಳಗಿನ ಗಾಳಿ ಎಳೆದಾಗ ಎದೆ ಹಿಗ್ಗುತ್ತೆ, ಬಾಯಿ ಮೂಗಿನಿಂದ ಉಸಿರು ಒಳಗೆ ಹೋಗುತ್ತೆ. ಜನ ಇದಕ್ಕೆ ಇಟ್ಟ ಹೆಸರು ಕಬ್ಬಿಣದ ಶ್ವಾಸಕೋಶ. ಸ್ಟ್ರಾದ ತತ್ವವೇ, ಎಳೆಯೋ ಕೆಲಸ ಮಾತ್ರ ಪೆಟ್ಟಿಗೆಯದ್ದು.

ಇದು ಎಷ್ಟೋ ಜೀವ ಉಳಿಸಿತು. ಆದರೆ ನುಂಗೋಕೂ ಆಗದ ರೋಗಿಗಳಲ್ಲಿ ಸೋಲ್ತಿತ್ತು. ಗಂಟಲಲ್ಲಿ ನಿಂತ ಎಂಜಲು, ಕಫ ಎಲ್ಲ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳೀತಿತ್ತು. ಜೊತೆಗೆ, ಆ ಪೆಟ್ಟಿಗೆ ದುಬಾರಿ. ಎಲ್ಲ ಆಸ್ಪತ್ರೆಯಲ್ಲೂ ಇರ್ತಿರಲಿಲ್ಲ.

ಕೋಪನ್‌ಹೇಗನ್, 1952

ಡೆನ್ಮಾರ್ಕ್‌ನ ರಾಜಧಾನಿಯಲ್ಲಿ ಬ್ಲೆಗ್ಡಾಮ್ ಅನ್ನೋ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಇತ್ತು. 1952ರ ಬೇಸಿಗೆಯ ಕೊನೆಯಲ್ಲಿ ಅಲ್ಲಿಗೆ ಪೋಲಿಯೊ ರೋಗಿಗಳು ಬರೋಕೆ ಶುರುವಾಯಿತು. ಕೆಲವು ದಿನ ಒಂದೇ ದಿನಕ್ಕೆ 50 ಜನ. ಆಸ್ಪತ್ರೆಯಲ್ಲಿದ್ದದ್ದು ಒಂದು ಕಬ್ಬಿಣದ ಶ್ವಾಸಕೋಶ, ಎದೆಗೆ ಕವಚದ ಥರ ಕಟ್ಟುವ 6 ಸಣ್ಣ ಉಪಕರಣ. ಅಷ್ಟೇ.

ಮೊದಲ ಮೂರು ವಾರದಲ್ಲಿ ಉಸಿರಾಟ ನಿಂತ 31 ರೋಗಿಗಳಿಗೆ ಇವುಗಳಿಂದ ಚಿಕಿತ್ಸೆ ಕೊಟ್ಟರು. 27 ಜನ ಸತ್ತರು. ಬಹಳಷ್ಟು ಜನ ಮೂರೇ ದಿನದಲ್ಲಿ.

ಮುಖ್ಯ ವೈದ್ಯ ಲಾಸೆನ್ ದಾರಿ ಕಾಣದೆ ಕೂತಿದ್ದಾಗ, ಅವರ ಕೈಕೆಳಗಿನ ವೈದ್ಯ ಮೋಗೆನ್ಸ್ ಬ್ಯೋರ್ನೆಬೋ ಒಂದು ಸಲಹೆ ಕೊಟ್ಟರು: ಬ್ಯೋರ್ನ್ ಇಬ್ಸೆನ್ ಅಂತ ಒಬ್ಬರಿದ್ದಾರೆ, ಅವರನ್ನ ಕರೆಸೋಣ. ಇಬ್ಸೆನ್ ಅರಿವಳಿಕೆ ತಜ್ಞ. ಆಗಿನ ಕಾಲದಲ್ಲಿ ಅರಿವಳಿಕೆ ತಜ್ಞರ ಜಾಗ ಆಪರೇಷನ್ ಥಿಯೇಟರ್ ಒಳಗೆ ಮಾತ್ರ. ವಾರ್ಡಿನ ರೋಗಿ ಬಗ್ಗೆ ಅವರನ್ನ ಯಾರೂ ಕೇಳ್ತಿರಲಿಲ್ಲ. ಹಾಗಾಗಿ ಇದು ಸಣ್ಣ ಸಲಹೆ ಆಗಿರಲಿಲ್ಲ.

ಇಬ್ಸೆನ್ ಬಂದರು, ಸತ್ತ ರೋಗಿಗಳ ದಾಖಲೆ ನೋಡಿದರು. ರಕ್ತದ ರಿಪೋರ್ಟ್‌ನಲ್ಲಿ ಕಾರ್ಬನ್ ಡೈಆಕ್ಸೈಡ್‌ಗೆ ಸಂಬಂಧಿಸಿದ ಅಂಕಿ ಬಹಳ ಜಾಸ್ತಿ ಇತ್ತು. ಅಲ್ಲಿನ ವೈದ್ಯರು ಇದನ್ನ, ರೋಗದಿಂದ ರಕ್ತದಲ್ಲಿ ಕ್ಷಾರ ಹೆಚ್ಚಿದೆ, ಕಾರಣ ಗೊತ್ತಿಲ್ಲ ಅಂತ ಓದಿದ್ದರು. ಇಬ್ಸೆನ್ ಅದೇ ಅಂಕಿಯನ್ನ ಬೇರೆ ಥರ ಓದಿದರು: ಇವರು ಹೊರಗೆ ಬಿಡಬೇಕಾದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗ್ತಿಲ್ಲ, ಒಳಗೇ ತುಂಬಿಕೊಳ್ತಿದೆ, ಅಂದ್ರೆ ಇವರಿಗೆ ಸಾಕಷ್ಟು ಉಸಿರಾಟವೇ ಆಗ್ತಿಲ್ಲ. ಆಕ್ಸಿಜನ್ ಕೊಟ್ಟಿದ್ದರಿಂದ ಮೈ ಬಣ್ಣ ಚೆನ್ನಾಗೇ ಕಾಣ್ತಿತ್ತು, ಒಳಗೆ ರೋಗಿ ಮುಳುಗ್ತಿದ್ದ. ಅಕೌಂಟ್ಸ್ ಓದಿದವರಿಗೆ ಇದು ಹೊಸದಲ್ಲ. ಲೆಕ್ಕ ಒಂದೇ ಇರುತ್ತೆ, ಅದರಲ್ಲಿ ಕಂಪನಿ ಮುಳುಗ್ತಿರೋದು ಕಾಣೋದು ಕೆಲವರಿಗೆ ಮಾತ್ರ.

ಆಗಸ್ಟ್ 27ರಂದು ಇಬ್ಸೆನ್‌ಗೆ ಒಂದು ಅವಕಾಶ ಕೊಟ್ಟರು. ರೋಗಿ 12 ವರ್ಷದ ಹುಡುಗಿ, ಹೆಸರು ವಿವಿ. ಕೈಕಾಲು ಆಡ್ತಿರಲಿಲ್ಲ, ಜ್ವರ, ಸ್ವಂತ ಕಫದಲ್ಲೇ ಉಸಿರು ಕಟ್ತಿತ್ತು. ಕುತ್ತಿಗೆಯಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿದರು. ಆದರೆ ಗಾಳಿ ಒಳಗೆ ಹೋಗ್ಲಿಲ್ಲ. ಹುಡುಗಿ ಒದ್ದಾಡ್ತಿದ್ದಳು, ಶ್ವಾಸನಾಳ ಬಿಗಿದುಕೊಂಡಿತ್ತು. ನೋಡೋಕೆ ಬಂದಿದ್ದ ವೈದ್ಯರಿಗೆ ನಂಬಿಕೆ ಹೋಗ್ತಾ ಬಂತು. ಆಗ ಇಬ್ಸೆನ್ ಅರಿವಳಿಕೆ ಔಷಧಿ ಕೊಟ್ಟರು. ಹುಡುಗಿಯ ಒದ್ದಾಟ ನಿಂತಿತು, ಅವಳಿಗಿದ್ದ ಅಲ್ಪಸ್ವಲ್ಪ ಉಸಿರೂ ನಿಂತಿತು. ಇನ್ನು ಪೂರ್ತಿ ಉಸಿರು ಇಬ್ಸೆನ್ ಕೈಯಲ್ಲಿದ್ದ ರಬ್ಬರ್ ಬ್ಯಾಗಿನದು. ಒತ್ತಿದರು. ಎದೆ ಏರಿತು. ಇಳಿಯಿತು. ಕಾರ್ಬನ್ ಡೈಆಕ್ಸೈಡ್ ಮಟ್ಟ ಇಳೀತಾ ಬಂತು.

ಬ್ಯಾಗ್ ಒತ್ತೋದು ಕಡಿಮೆ ಮಾಡಿದಾಗ ಮತ್ತೆ ಅಂಕಿ ಏರಿತು, ಬೆವರು, ರಕ್ತದೊತ್ತಡ ಎಲ್ಲ ವಾಪಸ್. ಸರಿಯಾಗಿ ಒತ್ತಿದಾಗ ಇಳಿಯಿತು. ವಾದ ಮಾಡೋಕೆ ಇನ್ನೇನೂ ಉಳಿಯಲಿಲ್ಲ.

ಇಲ್ಲಿ ಬದಲಾದದ್ದು ಏನು ಗೊತ್ತಾ? ಎಳೆಯೋದರ ಬದಲು ತಳ್ಳೋದು. ಸ್ಟ್ರಾ ಹೋಯ್ತು, ಬಲೂನು ಬಂತು. ಇವತ್ತು ನಮ್ಮ ಐಸಿಯುಗಳಲ್ಲಿ ಇರೋ ವೆಂಟಿಲೇಟರ್‌ಗಳು ಮಾಡೋದು ಇದೇ ಕೆಲಸ, ಗಾಳಿಯನ್ನ ಒಳಗೆ ತಳ್ಳೋದು.

1,500 ವಿದ್ಯಾರ್ಥಿಗಳು

ದಾರಿ ಸಿಕ್ಕಿತು. ಆದರೆ ಈ ಕೆಲಸಕ್ಕೆ ಮಷಿನ್ ಎಲ್ಲಿದೆ? ಇಲ್ಲ. ರಬ್ಬರ್ ಬ್ಯಾಗ್ ಇದೆ, ಅದನ್ನ ಒತ್ತೋಕೆ ಕೈ ಬೇಕು. ಹಗಲು, ರಾತ್ರಿ, ವಾರಗಟ್ಟಲೆ. ಕೈ ನಿಂತರೆ ಉಸಿರು ನಿಂತಂತೆ.

ಕೋಪನ್‌ಹೇಗನ್‌ನ ವೈದ್ಯಕೀಯ ವಿದ್ಯಾರ್ಥಿಗಳನ್ನ ಕರೆದರು. ಅವರು ಸಾಲದಾಗ ದಂತವೈದ್ಯಕೀಯ ವಿದ್ಯಾರ್ಥಿಗಳೂ ಬಂದರು. ಒಟ್ಟು ಸುಮಾರು 1,500 ಜನ. ಸಾಂಕ್ರಾಮಿಕ ಜೋರಾಗಿದ್ದಾಗ ಒಂದೇ ಸಮಯದಲ್ಲಿ 70 ರೋಗಿಗಳು ಹೀಗೆ ಕೈಯಿಂದ ಕೊಟ್ಟ ಉಸಿರಿನ ಮೇಲಿದ್ದರು. ಮೂರು ಪಾಳಿ ಅಂದುಕೊಳ್ಳಿ. ದಿನಕ್ಕೆ 210 ಜನ ಬರೀ ಬ್ಯಾಗ್ ಒತ್ತೋಕೆ ಬೇಕು. ಕೊನೆಗೆ ಲೆಕ್ಕ ಹಾಕಿದಾಗ ವಿದ್ಯಾರ್ಥಿಗಳು ಒತ್ತಿದ್ದು ಸುಮಾರು 1,65,000 ಗಂಟೆ. ತಲೆಗೆ 110 ಗಂಟೆ.

ನಮಗಿಂತ ಚಿಕ್ಕ ವಯಸ್ಸಿನವರು ಅವರು. ರೋಗಿಗಳಲ್ಲಿ ಎಷ್ಟೋ ಜನ ಮಕ್ಕಳು, ಎಚ್ಚರವಾಗೇ ಇದ್ದರು. ಟ್ಯೂಬ್ ಇದ್ದಿದ್ದರಿಂದ ಮಾತು ಬರ್ತಿರಲಿಲ್ಲ, ಕಣ್ಣಲ್ಲೇ ಹೇಳ್ತಿದ್ದರು. ವಿದ್ಯಾರ್ಥಿಗಳು ಒಂದು ಕೈಯಲ್ಲಿ ಬ್ಯಾಗ್ ಒತ್ತುತ್ತಾ ಕಥೆ ಓದಿ ಹೇಳ್ತಿದ್ದರು, ಆಟ ಆಡಿಸ್ತಿದ್ದರು. ಸಾವೂ ಅವರ ಕೈಯಲ್ಲೇ ಆಗ್ತಿತ್ತು. ಆ ಮಗುವನ್ನ ದಿನಾ ನೋಡಿದವರು, ಆ ದಿನದ ಪಾಳಿಯವರು.

ಫಲಿತಾಂಶ? ಮೊದಲು ನೂರಕ್ಕೆ 80ಕ್ಕಿಂತ ಹೆಚ್ಚು ಜನ ಸಾಯ್ತಿದ್ದ ಕಡೆ, ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಹೊಸ ಮಷಿನ್ ಇಲ್ಲ, ಹೊಸ ಔಷಧಿ ಇಲ್ಲ. ಒಬ್ಬ ರೋಗಿಗೆ ಒಬ್ಬ ಮನುಷ್ಯ, ಸದಾ ಪಕ್ಕದಲ್ಲಿ.

ಇಬ್ಸೆನ್ ಮುಂದಿನ ವರ್ಷ, 1953ರ ಡಿಸೆಂಬರ್‌ನಲ್ಲಿ, ಕೋಪನ್‌ಹೇಗನ್‌ನ ಮುನಿಸಿಪಲ್ ಆಸ್ಪತ್ರೆಯಲ್ಲಿ ಇಂಥ ರೋಗಿಗಳನ್ನೆಲ್ಲ ಒಂದೇ ಕಡೆ ಇಟ್ಟು, ದಿನದ 24 ಗಂಟೆ ನೋಡಿಕೊಳ್ಳುವ ವಿಭಾಗ ಶುರುಮಾಡಿದರು. ಜಗತ್ತಿನ ಮೊದಲ ಐಸಿಯು ಅಂತ ಸಾಮಾನ್ಯವಾಗಿ ಹೆಸರಿಸೋದು ಇದನ್ನೇ. ಅಂದ್ರೆ ಐಸಿಯು ಹುಟ್ಟಿದ್ದೇ ಕಣ್ಣು ಕಿತ್ತದೆ ನೋಡಿಕೊಳ್ಳೋಕೆ.

ಮಷಿನ್ ಬಂತು, ಹೊಸ ಅಪಾಯ ತಂತು

ಕೈಗಳ ಜಾಗಕ್ಕೆ ಬೇಗನೇ ಯಂತ್ರ ಬಂತು. ಸ್ವೀಡನ್‌ನ ಕಾರ್ಲ್ ಗುನ್ನಾರ್ ಎಂಗ್‌ಸ್ಟ್ರೋಮ್ ತಯಾರಿಸಿದ ಯಂತ್ರ ಯುರೋಪಿನಲ್ಲಿ ಹರಡಿತು. ಸುಸ್ತಾಗದ, ನಿದ್ದೆ ಬೇಡದ ಯಂತ್ರ. ಅದು ಬರದೇ ಇದ್ದಿದ್ದರೆ ಇವತ್ತಿನ ಎಷ್ಟೋ ಆಪರೇಷನ್‌ಗಳು ಸಾಧ್ಯವೇ ಆಗ್ತಿರಲಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಬ್ಯಾಗ್ ಒತ್ತೋ ಕೈಗೆ ಶ್ವಾಸಕೋಶ ಬಿಗಿಯಾಗಿದೆಯಾ, ಸಡಿಲವಾಗಿದೆಯಾ ಅಂತ ಗೊತ್ತಾಗುತ್ತೆ. ಯಂತ್ರಕ್ಕೆ ನಾವು ಹೇಳಿದಷ್ಟೇ ಗೊತ್ತು. "ಇಷ್ಟು ಗಾಳಿ ತಳ್ಳು" ಅಂದ್ರೆ ತಳ್ಳುತ್ತೆ, ಬಲೂನು ಹರಿದರೂ.

1967ರಲ್ಲಿ ಅಮೆರಿಕದ ಡೆನ್ವರ್‌ನ ವೈದ್ಯರು 12 ರೋಗಿಗಳ ಬಗ್ಗೆ ಬರೆದರು. ಪೋಲಿಯೊ ಅಲ್ಲ. ಅಪಘಾತ, ಸೋಂಕು ಥರದ ಬೇರೆ ಬೇರೆ ಕಾರಣ, ಆದರೆ ಎಲ್ಲರ ಶ್ವಾಸಕೋಶ ನೀರು ತುಂಬಿ ಗಟ್ಟಿಯಾಗಿತ್ತು. ಈಗ ಇದನ್ನ ಎಆರ್‌ಡಿಎಸ್ ಅಂತಾರೆ. ಕೋವಿಡ್‌ನಲ್ಲಿ ಐಸಿಯು ಸೇರಿದ ಬಹಳ ಜನರಿಗೆ ಆದದ್ದು ಇದೇ. ಇಲ್ಲಿ ಸಮಸ್ಯೆ ಸ್ನಾಯುವಿನದಲ್ಲ, ಶ್ವಾಸಕೋಶದ್ದೇ. ಒಳ್ಳೆಯ ಭಾಗ ಸ್ವಲ್ಪವೇ ಉಳಿದಿರುತ್ತೆ, ತಳ್ಳಿದ ಗಾಳಿಯೆಲ್ಲ ಆ ಸ್ವಲ್ಪಕ್ಕೇ ನುಗ್ಗುತ್ತೆ.

1974ರಲ್ಲಿ ವೆಬ್ ಮತ್ತು ಟಿಯರ್ನಿ ಎಂಬ ಇಬ್ಬರು ಸಂಶೋಧಕರು ಇಲಿಗಳಲ್ಲಿ ಇದನ್ನ ತೋರಿಸಿದರು. ಆರೋಗ್ಯವಾಗಿದ್ದ ಇಲಿಗಳಿಗೆ ಹೆಚ್ಚಿನ ಒತ್ತಡದಲ್ಲಿ ಗಾಳಿ ತಳ್ಳಿದಾಗ ಒಂದು ಗಂಟೆಯೊಳಗೆ ಶ್ವಾಸಕೋಶದಲ್ಲಿ ನೀರು ತುಂಬಿ ಸತ್ತವು. ಅಂದ್ರೆ ಉಸಿರು ಕೊಡೋ ಯಂತ್ರವೇ ಶ್ವಾಸಕೋಶಕ್ಕೆ ಪೆಟ್ಟು ಕೊಡಬಹುದು.

ಇದು ದೊಡ್ಡ ಮಟ್ಟದಲ್ಲಿ ಮನುಷ್ಯರಲ್ಲಿ ಸಾಬೀತಾಗೋಕೆ 2000 ಇಸವಿ ಬರಬೇಕಾಯಿತು. ಅಮೆರಿಕದಲ್ಲಿ 861 ರೋಗಿಗಳ ಮೇಲೆ ಒಂದು ಅಧ್ಯಯನ. ಒಂದು ಗುಂಪಿಗೆ ಆಗ ರೂಢಿಯಲ್ಲಿದ್ದ ಪ್ರಮಾಣ, ಪ್ರತಿ ಉಸಿರಿಗೆ ಕೆಜಿಗೆ 12 ಎಂಎಲ್ ಗಾಳಿ. ಇನ್ನೊಂದು ಗುಂಪಿಗೆ ಅದರ ಅರ್ಧ, 6 ಎಂಎಲ್. ಮೊದಲ ಗುಂಪಿನಲ್ಲಿ ಶೇ. 39.8 ಜನ ಸತ್ತರು. ಎರಡನೆಯದರಲ್ಲಿ ಶೇ. 31. ವ್ಯತ್ಯಾಸ ಎಷ್ಟು ಸ್ಪಷ್ಟ ಇತ್ತೆಂದರೆ ಅಧ್ಯಯನವನ್ನ ಅವಧಿಗೆ ಮೊದಲೇ ನಿಲ್ಲಿಸಿದರು. ಮಷಿನ್ ಅದೇ, ಬದಲಾದದ್ದು ಅದರಲ್ಲಿ ಹಾಕಿದ ಒಂದು ಅಂಕಿ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಈ ಕೆಜಿ ತೂಕದ ಯಂತ್ರದಲ್ಲಿ ಬರೋ ಕೆಜಿ ಅಲ್ಲ. ನಾವು ದಪ್ಪ ಆದರೆ ಶ್ವಾಸಕೋಶ ದಪ್ಪ ಆಗಲ್ಲ. ಅದಕ್ಕೆ ಎತ್ತರ ನೋಡಿ ತೂಕ ಲೆಕ್ಕ ಹಾಕ್ತಾರೆ. ಐದು ಅಡಿ ಎತ್ತರದ ಹೆಂಗಸಿಗೆ ಆ ಲೆಕ್ಕ 45.5 ಕೆಜಿ. 6 ಎಂಎಲ್‌ನಂತೆ ಪ್ರತಿ ಉಸಿರಿಗೆ ಸುಮಾರು 273 ಎಂಎಲ್. ಅವರ ನಿಜವಾದ ತೂಕ 80 ಕೆಜಿ ಅಂತ ನೋಡಿ 12 ಎಂಎಲ್‌ನಂತೆ ಕೊಟ್ಟರೆ 960 ಎಂಎಲ್. ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ನ ಅರ್ಧ ಸಾಕಿದ್ದ ಕಡೆ ಎರಡು ಪ್ಯಾಕೆಟ್ ಸುರಿದ ಹಾಗೆ. ಮಲಗಿರೋ ರೋಗಿಯ ಪಕ್ಕ ಟೇಪ್ ಹಿಡಿದು ಎತ್ತರ ಅಳೆಯೋ ಒಬ್ಬ ನರ್ಸ್ ಇದನ್ನ ತಪ್ಪಿಸಬಹುದು.

ಎಚ್ಚರಿಸೋದು, ಮಗುಚೋದು

ಆಮೇಲಿನ ಎರಡು ದೊಡ್ಡ ಪಾಠಗಳೂ ಕೈಗಳ ಬಗ್ಗೆಯೇ.

ಕೋಪನ್‌ಹೇಗನ್ ಮಕ್ಕಳು ಎಚ್ಚರವಾಗಿದ್ದರು ಅಂದೆ ಅಲ್ವಾ? ನಂತರದ ದಶಕಗಳಲ್ಲಿ ವೆಂಟಿಲೇಟರ್ ರೋಗಿಗಳನ್ನ ಔಷಧಿ ಕೊಟ್ಟು ಗಾಢ ನಿದ್ದೆಯಲ್ಲಿ ಇಡೋದು ರೂಢಿಯಾಯಿತು. 2000ರಲ್ಲೇ ಶಿಕಾಗೋದಲ್ಲಿ 128 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ಗುಂಪಿಗೆ ದಿನಕ್ಕೊಮ್ಮೆ ಆ ಔಷಧಿ ನಿಲ್ಲಿಸಿ ಎಚ್ಚರಿಸಿದರು. ಎಚ್ಚರಿಸದ ಗುಂಪಿನ ಮಧ್ಯದ ರೋಗಿ 7.3 ದಿನ ವೆಂಟಿಲೇಟರ್ ಮೇಲಿದ್ದರೆ, ಎಚ್ಚರಿಸಿದ ಗುಂಪಿನಲ್ಲಿ ಅದು 4.9 ದಿನ. ಆದರೆ ಎಚ್ಚರವಾಗ್ತಿರೋ ರೋಗಿ ಗಾಬರಿಯಾಗ್ತಾರೆ, ಟ್ಯೂಬ್ ಕಿತ್ತುಕೊಳ್ಳಬಹುದು. ಪಕ್ಕದಲ್ಲಿ ಕೈ ಹಿಡಿದು "ಏನಾಗಿಲ್ಲ, ಆಸ್ಪತ್ರೆಲಿದೀರ" ಅನ್ನೋಕೆ ಒಬ್ಬರು ಬೇಕು. ಅವರಿಲ್ಲದಿದ್ದರೆ ನಿದ್ದೆ ಔಷಧಿ ಮುಂದುವರಿಸೋದೇ ಸುಲಭ.

ಎರಡನೆಯದು ಬೋರಲು ಮಲಗಿಸೋದು. 2013ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್‌ನ 466 ತೀವ್ರ ಎಆರ್‌ಡಿಎಸ್ ರೋಗಿಗಳ ಅಧ್ಯಯನ ಬಂತು. ಒಂದು ಗುಂಪನ್ನ ಒಮ್ಮೆ ಬೋರಲು ಮಲಗಿಸಿದರೆ ಕನಿಷ್ಠ 16 ಗಂಟೆ ಹಾಗೇ ಇಡ್ತಿದ್ದರು. 28 ದಿನದಲ್ಲಿ ಅಂಗಾತ ಮಲಗಿದವರಲ್ಲಿ ಶೇ. 32.8 ಸಾವು, ಬೋರಲು ಮಲಗಿದವರಲ್ಲಿ ಶೇ. 16. ಅರ್ಧಕ್ಕಿಂತ ಕಡಿಮೆ! ಇದಕ್ಕೆ ಹೊಸ ಯಂತ್ರ ಬೇಡ. ಟ್ಯೂಬು, ಡ್ರಿಪ್ಪು, ವೈರು ಯಾವುದೂ ಕಳಚದ ಹಾಗೆ ಪ್ರಜ್ಞೆ ಇಲ್ಲದ ಮನುಷ್ಯನನ್ನ ಮಗುಚೋಕೆ ನಾಲ್ಕೈದು ಪಳಗಿದ ಜನ ಬೇಕು.

ನಮ್ಮ ಕಡೆ ಲೆಕ್ಕ

ಈಗ ನಮ್ಮಲ್ಲಿಗೆ ಬರೋಣ. 2020ರಲ್ಲಿ ಭಾರತಕ್ಕೆ ವೆಂಟಿಲೇಟರ್ ಬೇಕಾದಾಗ ಕರ್ನಾಟಕ ದೊಡ್ಡ ಪಾತ್ರ ವಹಿಸಿತು. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ, ಬೆಂಗಳೂರಿನ ಬಿಇಎಲ್ ತಯಾರಿಕೆ, ಆರ್ಡರ್ 30,000. ರೇಡಾರ್ ಮಾಡ್ತಿದ್ದ ಕಾರ್ಖಾನೆ ಕೆಲವೇ ತಿಂಗಳಲ್ಲಿ ಉಸಿರಿನ ಯಂತ್ರ ಮಾಡಿತು. ಹೆಮ್ಮೆಪಡಬೇಕಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಈಗ ಖರ್ಚಿನ ಕಾಲಂ ತೆಗೀರಿ. ವೆಂಟಿಲೇಟರ್ ಮೇಲಿರೋ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನೋದು ಭಾರತದ ಐಸಿಯು ತಜ್ಞರ ಸಂಘದ ಮಾರ್ಗಸೂಚಿಯಲ್ಲೇ ಇದೆ. ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ವಾರಕ್ಕೆ 48 ಗಂಟೆ ಕೆಲಸ ಮಾಡಿದರೆ, 168 ಭಾಗಿಸು 48, ಮೂರೂವರೆ. ರಜೆ, ಹುಷಾರಿಲ್ಲದ ದಿನ ಸೇರಿಸಿದರೆ ನಾಲ್ಕು. ಒಂದು ವೆಂಟಿಲೇಟರ್ ವರ್ಷವಿಡೀ ಓಡಬೇಕಾದರೆ ನಾಲ್ಕು ನರ್ಸ್. 30,000 ಯಂತ್ರ ಒಟ್ಟಿಗೆ ಓಡಿದರೆ 1,20,000 ನರ್ಸ್. ಡಾಕ್ಟರ್‌ಗಳ ಲೆಕ್ಕ ಬೇರೆ.

ಯಂತ್ರವನ್ನ ಕೆಲವು ತಿಂಗಳಲ್ಲಿ ಮಾಡಬಹುದು. ಐಸಿಯು ನರ್ಸ್‌ನ ಹಾಗೆ ಮಾಡೋಕಾಗಲ್ಲ. ಅದಕ್ಕೇ 2021ರ ಎರಡನೇ ಅಲೆಯಲ್ಲಿ, ಬೆಂಗಳೂರಿನ ಜನ ಬಿಯು ನಂಬರ್ ಹಿಡಿದು ಐಸಿಯು ಬೆಡ್‌ಗೆ ಅಲೀತಿದ್ದ ಹೊತ್ತಿನಲ್ಲೇ, ದೇಶದ ಹಲವು ರಾಜ್ಯಗಳಿಂದ ನಡೆಸೋರಿಲ್ಲದೆ ವೆಂಟಿಲೇಟರ್‌ಗಳು ಸುಮ್ಮನೆ ನಿಂತಿವೆ ಅನ್ನೋ ಸುದ್ದಿಗಳು ಬಂದವು. ಆಸ್ತಿ ಇತ್ತು, ಖರ್ಚು ಮಾಡಿರಲಿಲ್ಲ.

ಹಾಗಾದ್ರೆ ಶುರುವಿನಲ್ಲಿ ಹೇಳಿದ ಆ ಎರಡು ಮಾತು? ವೆಂಟಿಲೇಟರ್ ಯಾವ ರೋಗವನ್ನೂ ವಾಸಿ ಮಾಡಲ್ಲ. ಶ್ವಾಸಕೋಶ ಚೇತರಿಸಿಕೊಳ್ಳೋ ತನಕ ಸಮಯ ಕೊಡುತ್ತೆ, ಅಷ್ಟೇ. ಆದ್ದರಿಂದ ಸಿಕ್ಕಿದ ತಕ್ಷಣ ಬದುಕ್ತಾರೆ ಅಂತಲ್ಲ. ಹಾಕಿದ ತಕ್ಷಣ ಮುಗೀತು ಅಂತಲೂ ಅಲ್ಲ, ಟ್ಯೂಬ್ ತೆಗೆಸಿಕೊಂಡು ಮನೆಗೆ ನಡೆದು ಬಂದವರು ನಿಮ್ಮ ಊರಲ್ಲೂ ಇರ್ತಾರೆ. ಆ ಸಮಯದಲ್ಲಿ ಪಕ್ಕದಲ್ಲಿ ಯಾರಿದ್ದರು ಅನ್ನೋದರ ಮೇಲೆ ಬಹಳಷ್ಟು ನಿಂತಿದೆ.

ನಾಳೆ ನಿಮ್ಮವರು ಯಾರಾದರೂ ಐಸಿಯುನಲ್ಲಿದ್ದರೆ, ಡಾಕ್ಟರ್ ಹತ್ರ ಜಗಳ ಬೇಡ, ಮೂರು ಪ್ರಶ್ನೆ ಕೇಳಬಹುದು. ಯಾವ ತೊಂದರೆ ವಾಸಿಯಾಗಲಿ ಅಂತ ಕಾಯ್ತಿದೀವಿ? ಈ ಪಾಳಿಯಲ್ಲಿ ಒಬ್ಬ ನರ್ಸ್ ಎಷ್ಟು ವೆಂಟಿಲೇಟರ್ ರೋಗಿಗಳನ್ನ ನೋಡ್ತಿದಾರೆ? ನಿದ್ದೆ ಔಷಧಿ ಕಡಿಮೆ ಮಾಡಿ, ಸ್ವಂತ ಉಸಿರಾಟ ಎಷ್ಟಿದೆ ಅಂತ ದಿನಾ ನೋಡ್ತಿದೀರಾ, ಇಲ್ಲ ಅಂದ್ರೆ ಕಾರಣ ಏನು? ಒಳ್ಳೆಯ ಐಸಿಯುಗಳಲ್ಲಿ ಈ ಪ್ರಶ್ನೆಗಳಿಗೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಮತ್ತೆ ನಿಮ್ಮ ಜಿಲ್ಲಾಸ್ಪತ್ರೆಗೆ ಹೊಸದಾಗಿ ಇಷ್ಟು ವೆಂಟಿಲೇಟರ್ ಬಂತು, ಶಾಸಕರು ಟೇಪ್ ಕತ್ತರಿಸಿದರು ಅನ್ನೋ ಸುದ್ದಿ ಫೋನಲ್ಲಿ ಬಂದಾಗ, ಅದನ್ನ ನಾಲ್ಕರಿಂದ ಗುಣಿಸಿ. ಅಷ್ಟು ನರ್ಸ್ ಹುದ್ದೆ ಭರ್ತಿ ಆಗಿದೆಯಾ ಅಂತ ಕಾಮೆಂಟ್‌ನಲ್ಲಿ ಕೇಳಿ.

ವಿವಿ ಆ ಚಳಿಗಾಲ ದಾಟಿದಳು. ಕುತ್ತಿಗೆಯಿಂದ ಕೆಳಗೆ ಶಕ್ತಿ ವಾಪಸ್ ಬರಲಿಲ್ಲ, ಉಸಿರಿಗೆ ಯಂತ್ರ ಬೇಕೇ ಬೇಕಿತ್ತು. ಆದರೂ ವರ್ಷಗಳ ನಂತರ ಆಸ್ಪತ್ರೆಯಿಂದ ಮನೆಗೆ ಹೋದಳು, ನಾಯಿ ಸಾಕಿದಳು. 1971ರವರೆಗೆ ಬದುಕಿದಳು. ಮೂರು ದಿನ ಅಂತ ಲೆಕ್ಕ ಹಾಕಿದ್ದ ಜೀವಕ್ಕೆ ಸುಮಾರು 19 ವರ್ಷ ಸಿಕ್ಕಿತು.

ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ. ಈ ಸಂಚಿಕೆಯನ್ನ ನಿಮಗೆ ಗೊತ್ತಿರೋ ಒಬ್ಬ ನರ್ಸ್‌ಗೆ ಕಳಿಸಿ.